ಇಂದ್ರ ಮಾಡಿದ ಪಾಪ, ಹೆಂಗಸರಿಗೆ ಬಂದ ಪಾಲು

(ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: "ಮುಟ್ಟಿನ ರಜೆ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಕಷ್ಟ ಹೆಂಗಸರಿಗೆ ಮಾತ್ರವೇ? ಎಲ್ಲ ಧರ್ಮಗಳ ಸೃಷ್ಟಿಕಥೆ ತೆಗೆದು ನೋಡಿ. ಹೆಣ್ಣಿಗೆ ಹೆರಿಗೆ ನೋವು, ಗಂಡಿಗೆ ಬೆವರು. ದೇವರು ಸಮನಾಗಿಯೇ ಹಂಚಿದ್ದಾನೆ. ಅದನ್ನು ತಿದ್ದಲು ನಾವು ಯಾರು? ನಿಮ್ಮ ಪತ್ರಿಕೆಗೆ ಗಂಡಸಿನ ಬೆವರು ಯಾಕೆ ಕಾಣುವುದಿಲ್ಲ?")

ಮೇಷ್ಟ್ರೇ, ನಮಸ್ಕಾರ.

ನಾಲ್ಕು ಪುಟದ ಪತ್ರ, ಒಂದೂ ಕಾಗುಣಿತದ ತಪ್ಪಿಲ್ಲ. ಈಗ ನಮಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಯಾರೋ ಮೊಬೈಲಿನಲ್ಲಿ ಕಳಿಸಿದ್ದನ್ನು ಇನ್ಯಾರೋ ಹೆಸರು ಹಾಕಿ ಕಳಿಸಿದ ಸರಕು. ನೀವು ಕೂತು ಯೋಚಿಸಿ ಬರೆದಿದ್ದೀರಿ. ಅದಕ್ಕೇ ಈ ಉದ್ದ ಉತ್ತರ. ಜಾಹೀರಾತಿನ ಜಾಗ ಹೋಯಿತು ಅಂತ ಗೊಣಗುವವರು ಗೊಣಗಲಿ.

ಮೊದಲು ನಿಮ್ಮ ಮಾತಿಗೆ ಸಲ್ಲಬೇಕಾದ್ದು ಸಲ್ಲಲಿ. ಗಂಡಸಿನ ಬೆವರು ಸುಳ್ಳಲ್ಲ. ಬೈಬಲಿನ ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ಮೊದಲ ಗಂಡಸು ಆದಾಮನಿಗೆ ಸಿಕ್ಕ ಶಿಕ್ಷೆ ಸಣ್ಣದೇನಲ್ಲ. ಅವನಿಂದಾಗಿ ಭೂಮಿಗೇ ಶಾಪ ತಟ್ಟುತ್ತದೆ. ಬಿತ್ತಿದರೆ ಮುಳ್ಳು ಬರುತ್ತದೆ, ಮುಖದ ಬೆವರು ಸುರಿಸಿ ರೊಟ್ಟಿ ತಿನ್ನಬೇಕು, ಕೊನೆಗೆ ಮಣ್ಣಿಗೆ ಮಣ್ಣು. ಸಾಲ ಮಾಡಿ ಬೋರ್‌ವೆಲ್ ಕೊರೆಸಿ, ನೀರು ಬಾರದೆ ತಲೆಮೇಲೆ ಕೈ ಹೊತ್ತು ಕೂತ ರೈತನಿಗೆ ಈ ಸಾಲುಗಳು ಯಾರೂ ವಿವರಿಸದೆಯೇ ಅರ್ಥವಾಗುತ್ತವೆ. ಒಪ್ಪಿದೆ.

ಆದರೆ ಮೇಷ್ಟ್ರೇ, "ಸಮನಾಗಿ ಹಂಚಿದ್ದಾನೆ" ಅಂದಿರಲ್ಲ, ಅಲ್ಲಿಗೇ ನಿಲ್ಲಿಸಿಬಿಟ್ಟಿರಿ. ಹಂಚಿದ ಮೇಲೆ ಆ ಎರಡು ಪಾಲು ಏನಾದವು ಅಂತ ನೋಡಿದಿರಾ?

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಅಂತ ಒಬ್ಬ ಹೆರಿಗೆ ಡಾಕ್ಟರು ಇದ್ದರು. 1847ರಲ್ಲಿ ಅವರು ಹೆರಿಗೆ ನೋವು ತಗ್ಗಿಸಲು ಕ್ಲೋರೋಫಾರ್ಮ್ ಕೊಡಲು ಶುರುಮಾಡಿದರು. "ನೋವಿನಿಂದಲೇ ಹೆರಬೇಕು ಅಂತ ದೇವರು ಹೇಳಿದ್ದಾನೆ, ಅದನ್ನು ತಪ್ಪಿಸುವುದು ಪಾಪ" ಅನ್ನುವ ತಕರಾರು ಎದ್ದಿತು. ಇಡೀ ಚರ್ಚೇ ಅವರ ಮೇಲೆ ಬಿತ್ತು ಅನ್ನುವುದು ಆಮೇಲಿನವರು ಬೆಳೆಸಿದ ಕಥೆ. ಬೆಂಬಲಿಸಿದ ಪಾದ್ರಿಗಳೂ ಇದ್ದರು. ಆದರೂ ಸಿಂಪ್ಸನ್ ಒಂದು ಪುಸ್ತಿಕೆಯನ್ನೇ ಬರೆದು ಉತ್ತರ ಕೊಡಬೇಕಾಯಿತು. ಉತ್ತರ ಎಂಥದ್ದು ಅಂತೀರಿ! ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢ ನಿದ್ರೆ ಬರಿಸಿದನಲ್ಲ, ಅದೇನು ಮತ್ತೆ ಅಂದರು. ಅಷ್ಟಕ್ಕೇ ಬಿಡಲಿಲ್ಲ. ಶಾಪವನ್ನು ಅಕ್ಷರಶಃ ಪಾಲಿಸಬೇಕು ಅಂದರೆ ರೈತ ಹೊಲದ ಮುಳ್ಳು ಕೀಳುವುದೂ ತಪ್ಪು, ಎತ್ತು ಕುದುರೆ ಕಟ್ಟಿ ಬೆವರು ಉಳಿಸಿಕೊಳ್ಳುವುದೂ ತಪ್ಪು ಅಂದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಎಂಟನೇ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ದೊಡ್ಡ ಮನೆತನಗಳ ಹೆಂಗಸರಿಗೂ ಧೈರ್ಯ ಬಂತು.

ಸಿಂಪ್ಸನ್ ಹಿಡಿದ ಈ ಎಳೆಯನ್ನೇ ನಾನೂ ಹಿಡಿಯುತ್ತೇನೆ. ನಿಮ್ಮ ತಾಲ್ಲೂಕಿನಲ್ಲೇ ನೋಡಿ. ಎತ್ತಿನ ಜಾಗಕ್ಕೆ ಟಿಲ್ಲರ್ ಬಂತು, ಏತದ ಜಾಗಕ್ಕೆ ಪಂಪ್‌ಸೆಟ್ ಬಂತು, ಒಕ್ಕಣೆಗೆ ಯಂತ್ರ ಬಂತು. ಯಾವ ಧರ್ಮದ ಯಾವ ಗುರುವಾದರೂ "ಬೆವರು ಸುರಿಸದೆ ಉಣ್ಣುವುದು ದೈವದ್ರೋಹ" ಅಂತ ಟ್ರ್ಯಾಕ್ಟರಿಗೆ ಅಡ್ಡ ಮಲಗಿದ್ದು ಕೇಳಿದ್ದೀರಾ? ಟ್ರ್ಯಾಕ್ಟರಿಗೆ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಇನ್ನು ಆ ಮುಳ್ಳು, ಕಳೆ. ದೇವರು ಅದನ್ನು ಗಂಡಸಿಗೆ ಕೊಟ್ಟ. ನಮ್ಮ ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿರುವುದು ಯಾರು? ಅದೂ ಗಂಡಾಳಿಗಿಂತ ಕಡಿಮೆ ಕೂಲಿಗೆ. ಅವನ ಪಾಲಿನಲ್ಲಿ ಅರ್ಧ ಯಂತ್ರಕ್ಕೆ ಹೋಯಿತು, ಇನ್ನರ್ಧ ಸದ್ದಿಲ್ಲದೆ ಅವಳ ಬೆನ್ನಿಗೆ ಬಂತು. ಅವಳ ಪಾಲು ಮಾತ್ರ ಅವಳಲ್ಲೇ ಉಳಿಯಿತು.

"ಅದು ಪರದೇಶದ ಕಥೆ" ಅಂತ ನೀವು ಅನ್ನಬಹುದು. ಸರಿ, ಮನೆಗೇ ಬರೋಣ.

ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯಲ್ಲಿ ಒಂದು ಕಥೆ ಇದೆ. ತ್ವಷ್ಟೃವಿನ ಮಗ ವಿಶ್ವರೂಪ ದೇವತೆಗಳ ಪುರೋಹಿತ, ಮೂರು ತಲೆಯವನು. ಒಳಗೊಳಗೇ ಅಸುರರ ಕಡೆಗೂ ಇದ್ದಾನೆ ಅನ್ನುವ ಸಿಟ್ಟಿಗೆ ಇಂದ್ರ ಅವನ ತಲೆ ಕಡಿದ. ಬ್ರಹ್ಮಹತ್ಯೆಯ ಪಾಪ ಸುತ್ತಿಕೊಂಡಿತು. ಒಂದು ವರ್ಷ ಹೊತ್ತು ತಿರುಗಿದ, ಜನ ಬಾಯಿಗೆ ಬಂದಂತೆ ಬೈದರು. ಆಗ ಪಾಪವನ್ನು ಮೂರು ಪಾಲು ಮಾಡಿ ಭೂಮಿ, ಮರ, ಹೆಂಗಸರಿಗೆ ಕೊಟ್ಟ. ಭೂಮಿ ಬಿರುಕು ಬಿಟ್ಟಿತು, ಮರದಲ್ಲಿ ಅಂಟು ಒಸರಿತು, ಹೆಂಗಸರಿಗೆ ಮುಟ್ಟು ಬಂತು. ಭಾಗವತದ ಆರನೇ ಸ್ಕಂಧದಲ್ಲಿ ಇದೇ ಕಥೆಗೆ ನೀರೂ ಸೇರಿ ನಾಲ್ಕು ಪಾಲಾಗುತ್ತದೆ. ನೀರಿಗೆ ನೊರೆ, ಗುಳ್ಳೆ. ಪಾಲು ಹೊತ್ತವರಿಗೆಲ್ಲ ಒಂದೊಂದು ವರವೂ ಉಂಟು. ಭೂಮಿಯ ಹಳ್ಳ ತಾನೇ ತುಂಬಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಹೀಗೆ.

ಮೇಷ್ಟ್ರೇ, ಈ ಕಥೆಯಲ್ಲಿ ಹೆಣ್ಣು ಯಾವ ಹಣ್ಣು ತಿಂದಳು? ಯಾರ ಮಾತು ಮೀರಿದಳು? ಆದಾಮನ ಹೆಂಡತಿ ಹವ್ವಳ ಮೇಲಾದರೂ ದೇವರು ಬೇಡವೆಂದ ಹಣ್ಣು ತಿಂದ ಆರೋಪ ಇದೆ. ಇಲ್ಲಿ ಅದೂ ಇಲ್ಲ. ಕೊಲೆ ಇಂದ್ರನದು. ಅವನು ಕೈ ತೊಳೆದುಕೊಂಡು ಸಿಂಹಾಸನಕ್ಕೆ ಹೋದ.

ಇನ್ನೂ ಸ್ವಾರಸ್ಯ ಇದೆ. ಅದೇ ಸಂಹಿತೆ ಮರದ ಕೆಂಪು ಅಂಟನ್ನು ತಿನ್ನಬಾರದು ಅನ್ನುತ್ತದೆ, ಅದೂ ಪಾಪದ ಪಾಲಲ್ಲವೇ. ನಾವೋ, ಗೋಂದು ಹುರಿದು, ಕೊಬ್ಬರಿ ಬೆಲ್ಲ ಹಾಕಿ ಅಂಟಿನುಂಡೆ ಕಟ್ಟುತ್ತೇವೆ. ಯಾರಿಗೆ? ಬಾಣಂತಿಗೆ! ಅಂಟಿನ ಬಣ್ಣ ಯಾವುದು ಅಂತ ಯಾರೂ ಶಾಸ್ತ್ರ ತೆಗೆದು ನೋಡಲಿಲ್ಲ. ಬಿರುಕು ಬಿಟ್ಟ ನೆಲವನ್ನು ಸೈಟು ಮಾಡಿ ಮಾರಿದೆವು. ನೊರೆ ಬಂದ ನೀರನ್ನು ಸೋಸಿ ಕುಡಿದೆವು. ಎಲ್ಲರ ಪಾಪವೂ ಹೀಗೆ ಮಾಫಿ ಆಯಿತು. ಒಬ್ಬಳದು ಮಾತ್ರ ತಿಂಗಳು ತಿಂಗಳೂ ನೆನಪಿಡುತ್ತೇವೆ. ಗಣೇಶನ ಹಬ್ಬದ ಮಾರನೆಯ ದಿನ ಋಷಿಪಂಚಮಿ. ಮುಟ್ಟಿನ ದಿನಗಳಲ್ಲಿ ತಿಳಿಯದೆ ಏನಾದರೂ ತಪ್ಪಾಗಿದ್ದರೆ ಕ್ಷಮೆ ಇರಲಿ ಅಂತ ಹೆಂಗಸರು ಉಪವಾಸ ಮಾಡುವ ವ್ರತ ಅದು. ಇಂದ್ರ ಯಾವ ಪಂಚಮಿ ಮಾಡುತ್ತಾನೆ ಅಂತ ನನ್ನ ಅಜ್ಜಿ ಕೇಳುತ್ತಿದ್ದರು. ಕೇಳಿಕೊಂಡೇ ಉಪವಾಸವನ್ನೂ ಮಾಡುತ್ತಿದ್ದರು ಅನ್ನಿ.

ಅಜ್ಜಿಯ ಕಾಲ ಮುಗಿಯಿತು ಅನ್ನಬೇಡಿ. ನಿಮ್ಮದೇ ಜಿಲ್ಲೆ. 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕ ಅಂತ ಮಳೆಗಾಲದಲ್ಲಿ ಊರ ಹೊರಗಿನ ಗುಡಿಸಲಿಗೆ ಕಳಿಸಿದ್ದ ಬಾಣಂತಿಯ ಕೂಸು ತೀರಿಕೊಂಡ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಮುಟ್ಟಾದವರನ್ನು, ಬಸುರಿಯರನ್ನು ಊರ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಆ ಹಟ್ಟಿಯವರು ಸಂಹಿತೆ ಓದಿದವರಲ್ಲ. ಅವರ ದೇವರು ಬೇರೆ, ಅವರು ಕೊಡುವ ಕಾರಣವೂ ಬೇರೆ. ಗುಡಿಸಲಿಗೆ ಹೋಗುವವಳು ಮಾತ್ರ ಎಲ್ಲ ಕಡೆ ಒಬ್ಬಳೇ.

ಉಳಿದ ಕಥೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗ್ರೀಕರ ಕವಿ ಹೆಸಿಯಡ್ ಪಂಡೋರಾಳ ಕಥೆ ಹೇಳುವುದು ಒಡಹುಟ್ಟಿದವನ ಜತೆ ಆಸ್ತಿ ಜಗಳ ಆಡುತ್ತ ಬರೆದ ಪದ್ಯದಲ್ಲಿ. ದೇವರುಗಳಿಂದ ಬೆಂಕಿ ಕದ್ದವನು ಪ್ರಮಿಥಿಯಸ್, ಅದಕ್ಕೆ ಶಿಕ್ಷೆ ಅಂತ ಮನುಷ್ಯರ ನಡುವೆ ಕಳಿಸಿದ ಮೊದಲ ಹೆಂಗಸು ಪಂಡೋರಾ, ರೋಗರುಜಿನದ ಹೂಜಿ ತೆರೆದ ಕೆಟ್ಟ ಹೆಸರು ಅವಳಿಗೆ. ಕುರಾನಿನಲ್ಲಿ ಹಾಗಿಲ್ಲ. ಅಲ್ಲಿ ಸೈತಾನ ಇಬ್ಬರನ್ನೂ ಜಾರಿಸುತ್ತಾನೆ, ಇಬ್ಬರೂ ಒಟ್ಟಿಗೆ ಕ್ಷಮೆ ಕೇಳುತ್ತಾರೆ. ಅವಳೇ ಕೆಡಿಸಿದಳು ಅನ್ನುವ ಮಾತು ಆಮೇಲಿನ ಕಥೆಗಾರರದು. ನನಗೆ ಇಷ್ಟವಾದ್ದು ಬಾಬಿಲೋನಿನ ಅತ್ರಾಹಸಿಸ್ ಕಥೆ. ಸಣ್ಣ ದೇವರುಗಳು ಕಾಲುವೆ ತೋಡಿ ತೋಡಿ ಸುಸ್ತಾಗಿ, ಗುದ್ದಲಿ ಮಂಕರಿ ಸುಟ್ಟುಹಾಕಿ, ದೊಡ್ಡ ದೇವರ ಬಾಗಿಲಿಗೆ ಮುಷ್ಕರ ಹೋಗುತ್ತಾರೆ. ಅವರ ಬದಲಿಗೆ ದುಡಿಯಲು ಮನುಷ್ಯರನ್ನು ಮಾಡಿದರಂತೆ. ಮನುಷ್ಯರು ಜಾಸ್ತಿಯಾಗಿ ಗಲಾಟೆಗೆ ದೇವರಿಗೆ ನಿದ್ದೆ ಬಾರದಾಗ ಬಂಜೆತನವನ್ನೂ ಮಡಿಲಿನ ಕೂಸು ಕಸಿಯುವ ಪಿಶಾಚಿಯನ್ನೂ ಸೃಷ್ಟಿಸಿದರಂತೆ. ಕ್ರೂರ ಕಥೆ. ಆದರೆ "ನೀನು ತಪ್ಪು ಮಾಡಿದೆ, ಅದಕ್ಕೇ ಅನುಭವಿಸು" ಅಂತ ತಾಯಿಗೆ ಹೇಳುವುದಿಲ್ಲ. ಅಷ್ಟು ಪ್ರಾಮಾಣಿಕತೆ ಸಾಕು ನನಗೆ.

ನಮ್ಮ ದಕ್ಷಿಣದ ಜನಪದರ ಆದಿಶಕ್ತಿ ಕಥೆ ನಿಮಗೂ ಗೊತ್ತಿರಬೇಕು. ಮೊದಲು ಇದ್ದವಳು ಅವಳೇ. ಬ್ರಹ್ಮ, ವಿಷ್ಣು, ಶಿವ ಅವಳು ಹೆತ್ತವರು. ಊರಿಂದೂರಿಗೆ ಕಥೆ ಬದಲಾದರೂ ಒಂದು ಪಾಠದಲ್ಲಿ ಶಿವ ಉಪಾಯವಾಗಿ ಅವಳ ಹಣೆಗಣ್ಣು ಕೇಳಿ ಪಡೆಯುತ್ತಾನೆ, ಅಲ್ಲಿಗೆ ಅವಳ ಬಲ ಮುಗಿಯಿತು. ಹಾಡುವವರು ಇದನ್ನು ಮುಚ್ಚಿಡದೆ ಹಾಡುತ್ತಾರೆ. ಮುಚ್ಚಿಡುವವರು ನಮ್ಮ ಪ್ರವಚನಕಾರರು. ವಾರಗಟ್ಟಲೆ ಮೈಕು ಹಿಡಿದು ಭಾಗವತ ಹೇಳುತ್ತಾರೆ. ಆರನೇ ಸ್ಕಂಧಕ್ಕೆ ಬಂದಾಗ ವೃತ್ರನ ಯುದ್ಧಕ್ಕೆ ಒಂದು ಗಂಟೆ, ಪಾಪ ಹಂಚಿದ ಪ್ರಸಂಗಕ್ಕೆ ಒಂದು ಕೆಮ್ಮು. ಮುಂದೆ ಕೂತು ಕೇಳುವವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಅವರಿಗೆ ಗೊತ್ತಾಗುವುದು ಬೇಡ ಅಂತಲೋ ಏನೋ.

"ತಿದ್ದಲು ನಾವು ಯಾರು" ಅಂತ ಕೇಳಿದ್ದೀರಿ. ಈ ಮಾತೇ ನಮ್ಮ ಹೆರಿಗೆ ವಾರ್ಡುಗಳಲ್ಲಿ ಬೇರೆ ರೂಪದಲ್ಲಿ ಓಡಾಡುತ್ತದೆ. ನನ್ನ ಅಕ್ಕನ ಮಗಳು ಒಂದು ಆಸ್ಪತ್ರೆಯಲ್ಲಿ ನೋವು ತಿನ್ನುತ್ತ ಕೂಗಿಕೊಂಡಾಗ, "ಎಲ್ಲರೂ ಹೆತ್ತಿಲ್ವಾ, ನಿಂದೇನು ಹೊಸದಾ" ಅಂದರಂತೆ. ಅಂದವರೂ ಹೆಂಗಸರೇ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ತಿಂಗಳಿಗೆ ಒಂದು ದಿನ, ಮೇಷ್ಟ್ರೇ! ಅಷ್ಟಕ್ಕೇ ನಮ್ಮ ಕಚೇರಿಗೆ ಬಂದ ಗಂಡಸರ ಪತ್ರಗಳ ಕಟ್ಟು ನೋಡಬೇಕಿತ್ತು. ಟಿಲ್ಲರ್ ಕೊಳ್ಳಲು ಸರ್ಕಾರ ಸಹಾಯಧನ ಕೊಡುವಾಗ "ಸೃಷ್ಟಿಯ ನಿಯಮ ಮುರಿಯುತ್ತಿದೆ" ಅಂತ ಇವರಲ್ಲಿ ಒಬ್ಬರೂ ಬರೆದಿರಲಿಲ್ಲ.

ಪತ್ರದ ಕೊನೆಗೆ "ನನ್ನ ಮನೆಯವಳೂ ಇದನ್ನೇ ಹೇಳುತ್ತಾಳೆ" ಅಂತ ಒಂದು ಸಾಲು ಸೇರಿಸಿದ್ದೀರಿ. ಇರಬಹುದು. ಮುಂದಿನ ಸಲ ಅವರ ಕೈಲೇ ಬರೆಸಿ ಕಳಿಸಿ, ನೀವು ತಿದ್ದದೆ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ.

— ಸಂ.