ಕೋಲ್ಯಾಬ್‌ನಲ್ಲಿ ಪಾಂಡಾಸ್ ಡಾಕ್ಯುಮೆಂಟೇಶನ್ ಎಲ್ಲಿದೆ?

ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಬರೆದು ಓಡಿಸುವ ಗೂಗಲ್ ಕೋಲ್ಯಾಬ್‌ನಲ್ಲಿ, ಕೋಷ್ಟಕದ ಡೇಟಾ ನಿಭಾಯಿಸುವ ಪಾಂಡಾಸ್ ಲೈಬ್ರರಿ ಕಲಿಯುತ್ತಿದ್ದೀರಿ, ವಿಡಿಯೊ ನೋಡಿಕೊಂಡು ಬರೆದ ಕೋಡ್ ಎರರ್ ಕೊಡುತ್ತಿದೆ, ಮೆನುವೆಲ್ಲ ತಡಕಾಡಿದರೂ ಲೈಬ್ರರಿಯ ಡಾಕ್ಯುಮೆಂಟೇಶನ್ ಸಿಗಲಿಲ್ಲ ಎಂದಿದ್ದೀರಿ. ಮೆನುವಿನಲ್ಲಿ ಸಿಗುವುದೂ ಇಲ್ಲ. ಅಲ್ಲಿರುವ ಹೆಲ್ಪ್ ಕೋಲ್ಯಾಬ್‌ನದು, ಪಾಂಡಾಸ್‌ನದಲ್ಲ. ಲೈಬ್ರರಿಯ ವಿವರಣೆ ಲೈಬ್ರರಿಯ ಜೊತೆಗೇ ಇನ್‌ಸ್ಟಾಲ್ ಆಗಿರುತ್ತದೆ. ಫಂಕ್ಷನ್ ಬರೆದವರೇ ಅದರೊಳಗೆ ಡಾಕ್‌ಸ್ಟ್ರಿಂಗ್ ಅಂತ ಬರೆದಿಟ್ಟಿರುತ್ತಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಕೆಲಸ ಬೇಡ.

ಮೊದಲು ಪಾಂಡಾಸನ್ನು ಪಿಡಿ ಹೆಸರಲ್ಲಿ ಇಂಪೋರ್ಟ್ ಮಾಡುವ ಸೆಲ್ (ಕೋಡ್ ಬರೆಯುವ ಚೌಕ) ರನ್ ಮಾಡಿ. ಅದು ರನ್ ಆಗದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಆಮೇಲೆ, ಉದಾಹರಣೆಗೆ ಸಿಎಸ್‌ವಿ ಫೈಲ್ ಓದುವ ಫಂಕ್ಷನ್ ಬಗ್ಗೆ ತಿಳಿಯಲು, ಹೊಸ ಸೆಲ್‌ನಲ್ಲಿ ಪಿಡಿ.ರೀಡ್_ಸಿಎಸ್‌ವಿ? ಎಂದು ಟೈಪ್ ಮಾಡಿ ಶಿಫ್ಟ್-ಎಂಟರ್ ಒತ್ತಿ. (ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಬ್ರಾಕೆಟ್ ಹಾಕಬೇಡಿ.) ಪಕ್ಕದಲ್ಲಿ ಒಂದು ಕಿಟಕಿ ತೆರೆದು ಪ್ಯಾರಾಮೀಟರ್‌ಗಳು, ಅವುಗಳ ಡಿಫಾಲ್ಟ್ ಬೆಲೆ, ಕೆಳಗೆ ಉದಾಹರಣೆ ಎಲ್ಲ ಬರುತ್ತವೆ. ಉದಾಹರಣೆಯಿಂದ ಶುರು ಮಾಡಿ ಮೇಲಕ್ಕೆ ಓದುವುದು ನನ್ನ ರೂಢಿ. ಪ್ರಶ್ನಾರ್ಥಕ ಚಿಹ್ನೆ ಎರಡು ಹಾಕಿದರೆ ಫಂಕ್ಷನ್‌ನ ಸೋರ್ಸ್ ಕೋಡೇ ಕಾಣುತ್ತದೆ. ಹೆಸರು ಅರ್ಧ ಮಾತ್ರ ನೆನಪಿದ್ದರೆ ಪಿಡಿ.*ರೀಡ್*? ಎಂದು ಕೊಡಿ, ರೀಡ್ ಇರುವ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ.

ಈ ಪ್ರಶ್ನಾರ್ಥಕ ಚಿಹ್ನೆ ಪೈಥಾನ್ ಭಾಷೆಯದಲ್ಲ. 2001ರಲ್ಲಿ ಫರ್ನಾಂಡೊ ಪೆರೆಜ್ ಶುರು ಮಾಡಿದ ಐಪೈಥಾನ್ ಎಂಬ ಪೈಥಾನ್ ಶೆಲ್‌ನಿಂದ ಬಂದದ್ದು. ಹಾಗಾಗಿ ಅದನ್ನೇ ಬಳಸುವ ಜುಪಿಟರ್ ನೋಟ್‌ಬುಕ್, ಕೋಲ್ಯಾಬ್ ಎರಡರಲ್ಲೂ ನಡೆಯುತ್ತದೆ, ಸಾದಾ ಆನ್‌ಲೈನ್ ಕಂಪೈಲರ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಅಲ್ಲಿ ಹೆಲ್ಪ್ ಫಂಕ್ಷನ್ ಬಳಸಿ. ಆದರೆ ಇಡೀ ಪಾಂಡಾಸ್ ಮೇಲೆ ಹೆಲ್ಪ್ ಕರೆದರೆ ಪುಟಗಟ್ಟಲೆ ಸುರಿಯುತ್ತದೆ, ಒಂದೊಂದೇ ಫಂಕ್ಷನ್ ಕೇಳಿ.

ಇನ್ನು ನಿಮ್ಮ ಎರರ್. ಡೇಟಾಫ್ರೇಮ್‌ಗೆ (ಪಾಂಡಾಸ್‌ನ ಕೋಷ್ಟಕಕ್ಕೆ) ಅಪೆಂಡ್ ಎಂಬ ಆಟ್ರಿಬ್ಯೂಟ್ ಇಲ್ಲ ಎಂದು ಬಂದಿದೆಯಲ್ಲ, ಅದರಲ್ಲಿ ನಿಮ್ಮ ತಪ್ಪೇನಿಲ್ಲ, ವಿಡಿಯೊ ಹಳೆಯದು. 2022ರ ಜನವರಿಯಲ್ಲಿ ಬಂದ ಪಾಂಡಾಸ್ 1.4ರಲ್ಲೇ, ಸಾಲುಗಳನ್ನು ಸೇರಿಸುವ ಈ ಅಪೆಂಡ್ ಬಳಸಬೇಡಿ ಎಂಬ ಎಚ್ಚರಿಕೆ ಹಾಕಿದ್ದರು, 2023ರ ಏಪ್ರಿಲ್‌ನಲ್ಲಿ 2.0 ಬಂದಾಗ ತೆಗೆದೇ ಬಿಟ್ಟರು. ಈಗ ಪಿಡಿ.ಕಾನ್‌ಕ್ಯಾಟ್‌ಗೆ ಎರಡೂ ಡೇಟಾಫ್ರೇಮ್‌ಗಳನ್ನು ಲಿಸ್ಟ್ ಮಾಡಿ ಕೊಡಬೇಕು. ಸೆಲ್‌ನಲ್ಲಿ ಡಿಎಫ್.ಅಪೆಂಡ್? ಎಂದು (ಡಿಎಫ್ ಎಂದರೆ ನಿಮ್ಮ ಡೇಟಾಫ್ರೇಮ್‌ನ ಹೆಸರು) ಕೇಳಿ ನೋಡಿ, 'ನಾಟ್ ಫೌಂಡ್' ಎನ್ನುತ್ತದೆ. ಸರ್ಚ್‌ನಲ್ಲಿ ಹುಡುಕಿದ್ದರೆ ಹಳೇ ಪುಟಗಳು ಈಗಲೂ ಅಪೆಂಡ್ ಬಳಸುವುದನ್ನೇ ಹೇಳಿಕೊಡುತ್ತವೆ. ಸೆಲ್ ಮಾತ್ರ ನಿಮ್ಮ ಮುಂದೆ ಓಡುತ್ತಿರುವ ವರ್ಷನ್‌ನ ವಿಷಯವನ್ನೇ ಹೇಳುತ್ತದೆ. ಪಾಂಡಾಸ್ ಸೈಟಿಗೇ ಹೋಗುವುದಾದರೆ ಮೊದಲು !ಪಿಪ್ ಶೋ ಪಾಂಡಾಸ್ ಎಂದು ರನ್ ಮಾಡಿ ವರ್ಷನ್ ನೋಡಿಕೊಂಡು, ಸೈಟಿನ ಮೇಲ್ಗಡೆಯ ಡ್ರಾಪ್‌ಡೌನ್‌ನಲ್ಲಿ ಅದನ್ನೇ ಆರಿಸಿ.

ಡಾಕ್‌ಸ್ಟ್ರಿಂಗ್‌ನಲ್ಲೇ ಎಲ್ಲವೂ ಸಿಗುತ್ತದೆ ಅಂತಲ್ಲ. ಕನ್ನಡ ಹೆಸರುಗಳಿರುವ ಡೇಟಾವನ್ನು ಟು_ಸಿಎಸ್‌ವಿಯಿಂದ ಉಳಿಸಿ ಎಕ್ಸೆಲ್‌ನಲ್ಲಿ ತೆರೆದರೆ ಎಷ್ಟೋ ಸಲ ಅಕ್ಷರವೆಲ್ಲ ಕಲಸುಮೇಲೋಗರ ಆಗಿರುತ್ತದೆ. ಟು_ಸಿಎಸ್‌ವಿಯ ಮುಂದೆ ಪ್ರಶ್ನಾರ್ಥಕ ಹಾಕಿದರೆ ಎನ್‌ಕೋಡಿಂಗ್ ಎಂಬ ಪ್ಯಾರಾಮೀಟರ್ ಇದೆ, ಡಿಫಾಲ್ಟ್ ಯುಟಿಎಫ್-8 ಎನ್ನುವವರೆಗೆ ಗೊತ್ತಾಗುತ್ತದೆ. ಅಲ್ಲಿ ಇನ್ನೇನು ಕೊಡಬಹುದು ಎಂಬ ಪಟ್ಟಿ ಇರುವುದು ಪೈಥಾನ್‌ನ ಸ್ವಂತ ಡಾಕ್ಯುಮೆಂಟೇಶನ್‌ನಲ್ಲಿ, ಕೋಡೆಕ್ಸ್ ಎಂಬ ಮಾಡ್ಯೂಲ್‌ನ ಪುಟದಲ್ಲಿ. ಅಲ್ಲಿಂದ ಯುಟಿಎಫ್-8-ಸಿಗ್ ತೆಗೆದುಕೊಂಡು ಹಾಕಿದರೆ ಎಕ್ಸೆಲ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ.

ಮುಂದೆ ಚಿತ್ರಗಳ ಕೆಲಸಕ್ಕೆ ಇಳಿದರೆ ಒಂದು ಗಮನವಿರಲಿ: ಇಂಪೋರ್ಟ್ ಮಾಡುವ ಹೆಸರೇ ಪ್ಯಾಕೇಜಿನ ಹೆಸರಾಗಿರಬೇಕೆಂದಿಲ್ಲ. ಪಿಐಎಲ್ ಎಂದು ಇಂಪೋರ್ಟ್ ಮಾಡುವುದು ಪಿಲ್ಲೋ ಪ್ಯಾಕೇಜನ್ನು, ಸಿವಿ2 ಎನ್ನುವುದು ಓಪನ್‌ಸಿವಿ-ಪೈಥಾನನ್ನು. ಪೈಥಾನ್ ಪ್ಯಾಕೇಜುಗಳೆಲ್ಲ ಸಿಗುವ ಪೈಪಿಐ ಸೈಟಿನಲ್ಲಿ ಪ್ಯಾಕೇಜಿನ ಹೆಸರು ಹುಡುಕಿದರೆ ಪುಟದ ಎಡಬದಿಯಲ್ಲಿ ಪ್ರಾಜೆಕ್ಟಿನ ಲಿಂಕ್‌ಗಳಿರುತ್ತವೆ. ಓಪನ್‌ಸಿವಿ ಪುಟಗಳಲ್ಲಿ ಸಿ++ ರೂಪ ಮೊದಲು ಬರುತ್ತದೆ, ಗಾಬರಿಯಾಗಬೇಡಿ, ಪೈಥಾನ್ ರೂಪ ಅದರ ಕೆಳಗೇ ಇರುತ್ತದೆ.