ಬಸ್ಸಿನಲ್ಲಿ ಕಿರುಕುಳ: ಜಾಗ ಬಿಟ್ಟು ಹೋಗಬೇಕಾದವರು ಯಾರು?

ಬಸ್ಸು, ಮೆಟ್ರೊಗಳಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳದ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ವಕೀಲರೊಬ್ಬರ ಉತ್ತರ ಇಲ್ಲಿದೆ.

ದಿನಾ ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಬೆಳಗಿನ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಹಿಂದೆ ನಿಂತವನು ಬೇಕಂತಲೇ ಮೈಗೆ ಮೈ ಒತ್ತುತ್ತಾನೆ. ತಿರುಗಿ ನೋಡಿದರೆ ‘ರಶ್ ಇದೆ, ನಾನೇನ್ ಮಾಡ್ಲಿ’ ಅಂತಾನೆ. ಕಂಡಕ್ಟರ್‌ಗೆ ಹೇಳಿದರೆ ‘ಮುಂದೆ ಬಂದು ನಿಂತ್ಕೊಳಮ್ಮ’ ಅಂದರು, ಅಷ್ಟೆ. ಇದಕ್ಕೆಲ್ಲ ಕೇಸ್ ಆಗುತ್ತಾ? ಸಾಬೀತು ಮಾಡೋದು ಹೇಗೆ?
— ಹೆಸರು ಬೇಡ, ತುಮಕೂರು

ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಇಂಥದ್ದಕ್ಕೇ ಇದೆ. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದು ಜಾಮೀನುರಹಿತ ಅಪರಾಧ. ಮುಟ್ಟದೆ ಬರೀ ಅಸಭ್ಯ ಮಾತಾಡಿದರೂ, ಸನ್ನೆ ಮಾಡಿದರೂ 75 ಮತ್ತು 79ನೇ ಸೆಕ್ಷನ್‌ಗಳಿವೆ.

‘ರಶ್ ಇದೆ’ ಅನ್ನುವ ನೆಪ ಕೋರ್ಟಿನಲ್ಲೂ ಬರುತ್ತದೆ. ಬ್ರೇಕ್ ಹಾಕಿದಾಗ ಒಬ್ಬರ ಮೇಲೊಬ್ಬರು ಬೀಳುವುದು ಎಲ್ಲರಿಗೂ ಗೊತ್ತು. ಆದರೆ ನೀವು ಸರಿದು ನಿಂತ ಮೇಲೆ ಅವನೂ ನಿಮ್ಮ ಹಿಂದೆಯೇ ಸರಿದು ಬಂದನಾ? ಮೇಲಿನ ಕಂಬಿ ಹಿಡಿಯಬೇಕಾದ ಕೈ ಕೆಳಗೆ ಎಲ್ಲಿತ್ತು? ದಾಬಸ್‌ಪೇಟೆಯಲ್ಲಿ ಅರ್ಧ ಜನ ಇಳಿದ ಮೇಲೂ ಅಲ್ಲೇ ಅಂಟಿಕೊಂಡಿದ್ದನಾ? ದೂರಿನಲ್ಲಿ ಇವನ್ನೇ ಬರೆಯಿರಿ. ‘ಅಸಭ್ಯವಾಗಿ ವರ್ತಿಸಿದ’ ಅಂತ ಒಂದೇ ಸಾಲು ಬರೆದರೆ ಕೇಸು ಅಲ್ಲೇ ಅರ್ಧ ಸೊರಗುತ್ತದೆ.

ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡಲು ಮುಜುಗರ ಆಗುತ್ತದೆ, ನಿಜ. ಆದರೂ ಆಗುವುದಾದರೆ ಶರ್ಟಿನ ಬಣ್ಣ ಹೇಳಿ ಕೂಗಿ: ‘ನೀಲಿ ಶರ್ಟ್‌ನವರೇ, ಕೈ ತೆಗೀರಿ.’ ಸುಮ್ನೆ ‘ಏಯ್’ ಅಂದರೆ ಜನ ನಿಮ್ಮ ಕಡೆ ನೋಡುತ್ತಾರೆ. ಹೀಗಂದರೆ ಅವನ ಕಡೆ ನೋಡುತ್ತಾರೆ. ಮುಂದೆ ಸಾಕ್ಷಿ ಆಗುವವರು ಆ ಜನರೇ. ಕೂಗಲು ಆಗದಿದ್ದರೂ ನಿಮ್ಮ ದೂರಿನ ಬೆಲೆ ಕಮ್ಮಿಯಾಗುವುದಿಲ್ಲ. ನಂಬುವಂತಿದ್ದರೆ ನಿಮ್ಮ ಒಬ್ಬರ ಹೇಳಿಕೆ ಮೇಲೂ ಶಿಕ್ಷೆ ಆಗಬಹುದು.

ಟಿಕೆಟ್ ಬಿಸಾಡಬೇಡಿ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ತಾನೇ ಅಂತ ಇಳಿದ ಕೂಡಲೇ ಎಸೆಯುವವರೇ ಜಾಸ್ತಿ. ನೀವು ಆ ದಿನ, ಆ ಹೊತ್ತಿಗೆ ಬಸ್ಸಿನಲ್ಲಿದ್ದಿರಿ ಅನ್ನುವುದಕ್ಕೆ ಅದೇ ದಾಖಲೆ. ಬಸ್ಸಿನಲ್ಲಿ ಕ್ಯಾಮೆರಾ ಇದ್ದರೆ ಅವತ್ತೇ ಡಿಪೊ ಮ್ಯಾನೇಜರ್‌ಗೆ ‘ದೃಶ್ಯ ಉಳಿಸಿಡಿ’ ಎಂದು ಬರೆದು ಕೊಡಿ. ಕೆಲವು ದಿನ ಕಳೆದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.

ಘಟನೆ ನೆಲಮಂಗಲದ ಹತ್ತಿರ ಆಗಿ, ನೀವು ಮೆಜೆಸ್ಟಿಕ್‌ನಲ್ಲಿ ಇಳಿದಿದ್ದೀರಿ ಅಂದುಕೊಳ್ಳಿ. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಉಪ್ಪಾರಪೇಟೆ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಅಲ್ಲೇ ಝೀರೊ ಎಫ್‌ಐಆರ್ ಮಾಡಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ನಿಮಗೆ ಪ್ರತಿ ಉಚಿತವಾಗಿ ಕೊಡಬೇಕು. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. 74ನೇ ಸೆಕ್ಷನ್ನಿನ ದೂರನ್ನು ಬರೆದುಕೊಳ್ಳದ ಪೊಲೀಸರಿಗೇ ಆರು ತಿಂಗಳಿಂದ ಎರಡು ವರ್ಷ ಜೈಲು ಎಂದು ಅದೇ ಸಂಹಿತೆಯ 199ನೇ ಸೆಕ್ಷನ್ ಹೇಳುತ್ತದೆ. ಇದನ್ನು ಮೆತ್ತಗೆ ನೆನಪಿಸಿದರೂ ಕೆಲಸ ಬೇಗ ಆಗುತ್ತದೆ.

ನಾನು ಕಂಡಕ್ಟರ್. ಶಕ್ತಿ ಬಂದ ಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳು ಜಾಸ್ತಿ, ಇಂಥ ದೂರೂ ಜಾಸ್ತಿ. ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಟಿಕೆಟ್ ಕೊಡುತ್ತಾ ಬರುವಷ್ಟರಲ್ಲಿ ಮೂರು ಸ್ಟಾಪ್ ಹೋಗಿರುತ್ತದೆ. ಬಸ್ಸನ್ನು ಸ್ಟೇಷನ್‌ಗೆ ತಿರುಗಿಸಿದರೆ ಮಿಕ್ಕವರು ಬೈಯುತ್ತಾರೆ, ಟ್ರಿಪ್ ಲೇಟಾದರೆ ಡಿಪೊದಲ್ಲಿ ಕೇಳುತ್ತಾರೆ. ನಮಗೆ ಏನು ಅಧಿಕಾರ ಇದೆ ಸಾರ್?
— ಒಬ್ಬ ನಿರ್ವಾಹಕ, ಹಾವೇರಿ ಜಿಲ್ಲೆ

ಇದು ಅಧಿಕಾರದ ಮಾತಲ್ಲ, ನಿಮ್ಮ ಕರ್ತವ್ಯ. 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆ ಕೊಟ್ಟಿತು. ಬಸ್ಸಿನಲ್ಲಿ ಹೆಣ್ಣುಮಗಳು ಕಿರುಕುಳದ ದೂರು ಹೇಳಿದರೆ ಸಿಬ್ಬಂದಿ ವಾಹನವನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ದು ಮಾಹಿತಿ ಕೊಡಬೇಕು, ತಪ್ಪಿದರೆ ವಾಹನದ ಪರ್ಮಿಟ್ ರದ್ದು ಮಾಡಬೇಕು ಅಂತ. ಬಸ್ ನಿಲ್ದಾಣಗಳಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರನ್ನು ಹಾಕಿ, ಕ್ಯಾಮೆರಾ ಇಡಿ ಎಂದೂ ಹೇಳಿತ್ತು. ಆಮೇಲೆ ಹದಿನಾರೇ ದಿನ. ದೆಹಲಿಯ ಖಾಸಗಿ ಬಸ್ಸಿನಲ್ಲಿ ಡಿಸೆಂಬರ್ 16ರ ಘಟನೆ, ಅಂದರೆ ನಿರ್ಭಯಾ ಸಾಮೂಹಿಕ ಅತ್ಯಾಚಾರ, ನಡೆಯಿತು. ಅಲ್ಲಿ ಚಾಲಕನೇ ಆರೋಪಿಗಳಲ್ಲಿ ಒಬ್ಬ. ದೇಶವೆಲ್ಲ ಆ ಘಟನೆಯನ್ನು ನೆನಪಿಟ್ಟುಕೊಂಡಿತು, ತೀರ್ಪನ್ನು ಮರೆಯಿತು. ಸಿಬ್ಬಂದಿ ತರಬೇತಿಗೆ ಹೋದಾಗಲೆಲ್ಲ ಕೇಳುತ್ತೇನೆ, ಗೊತ್ತಿದ್ದವರು ಸಿಗುವುದೇ ಕಮ್ಮಿ. ತಪ್ಪು ನಿಮ್ಮದಲ್ಲ, ಹೇಳಿಕೊಡಬೇಕಾದವರದ್ದು.

ದೂರು ಬಂದ ಕೂಡಲೇ ಏನು ಮಾಡಬೇಕು? ಮೊದಲು, ಆಕೆಯನ್ನು ಏಳಿಸಬೇಡಿ, ಅವನನ್ನು ಏಳಿಸಿ. ‘ನೀನು ಮುಂದೆ ಬಾರಮ್ಮ’ ಅನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಆದರೆ ಅದರಿಂದ ಅವನಿಗೆ ಜಾಗ ಉಳಿಯುತ್ತದೆ, ನಾಳೆ ಇನ್ನೊಬ್ಬಳು ಅಲ್ಲಿ ಬಂದು ನಿಲ್ಲುತ್ತಾಳೆ. ಎಲ್ಲರೆದುರು ‘ಎಲ್ಲಿ ಮುಟ್ಟಿದ?’ ಎಂದು ಕೇಳಬೇಡಿ. ‘ಸ್ಟೇಷನ್‌ಗೆ ಹೋಗೋಣ್ವಾ?’ ಅಂತಷ್ಟೇ ಕೇಳಿ. ಹೂಂ ಅಂದರೆ ಡ್ರೈವರ್‌ಗೆ ಹೇಳಿ ಬಾಗಿಲು ಹಾಕಿಸಿ, 112ಕ್ಕೆ ಫೋನ್ ಮಾಡಿ. ಬೈಯುವ ಪ್ರಯಾಣಿಕರಿಗೆ ‘ಸುಪ್ರೀಂ ಕೋರ್ಟ್ ಆರ್ಡರ್ ಇದೆ’ ಅನ್ನಿ. ನಮ್ಮ ಜನ ಕೋರ್ಟಿನ ಹೆಸರಿಗೆ ಸುಮ್ಮನಾಗುತ್ತಾರೆ.

ಆಕೆ ಬೇಡ ಅಂದರೆ ಒತ್ತಾಯ ಮಾಡಬೇಡಿ. ಆದರೆ ದೂರು ಹೇಳಿದವಳು ಪಾಸ್ ಹಿಡಿದ ಹೈಸ್ಕೂಲ್ ಹುಡುಗಿಯಾದರೆ ಲೆಕ್ಕ ಬೇರೆ. ಹದಿನೆಂಟು ತುಂಬದವರಿಗೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ, ಅನ್ವಯಿಸುತ್ತದೆ. ಆಗ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಅದೂ ಅಪರಾಧ.

ಇನ್ನು ಟ್ರಿಪ್ ಲೇಟ್. ಕಾರಣ, ಸಮಯ, ಠಾಣೆಯ ಹೆಸರು ಬರೆದು ಡಿಪೊಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನನ್ನ ಪ್ರಕಾರ ಹೆಣ್ಣುಮಕ್ಕಳ ಸುರಕ್ಷತೆ ಸಿಕ್ಕಿಹಾಕಿಕೊಂಡಿರುವುದೇ ಇಲ್ಲಿ. ಲೇಟಾದರೆ ಮೆಮೊ, ಕಿರುಕುಳ ಕಂಡೂ ಸುಮ್ಮನಿದ್ದರೆ ಏನೂ ಇಲ್ಲ ಎಂದಾದರೆ ಯಾವ ಕಂಡಕ್ಟರ್ ಬಸ್ ತಿರುಗಿಸುತ್ತಾನೆ? ತಮಿಳುನಾಡು 2022ರಲ್ಲಿ ಮೋಟಾರು ವಾಹನ ನಿಯಮವನ್ನೇ ತಿದ್ದಿ, ಗುರಾಯಿಸುವವನನ್ನೂ ಶಿಳ್ಳೆ ಹಾಕುವವನನ್ನೂ ಇಳಿಸುವ, ಪೊಲೀಸರಿಗೆ ಒಪ್ಪಿಸುವ ಹೊಣೆಯನ್ನು ಕಂಡಕ್ಟರ್‌ಗೆ ಬರೆದು ಕೊಟ್ಟಿತು. ಹೀಗೆ ಬರೆದು ಕೊಟ್ಟರೆ ನಿಮಗೂ ಧೈರ್ಯ ಬರುತ್ತದೆ ಅಲ್ವಾ?

ಒಂದು ಮಾತು ಬಿಟ್ಟೆ. 2019ರ ಜನವರಿ 1ರಿಂದ ನೋಂದಣಿಯಾದ ಬಸ್ಸುಗಳಲ್ಲಿ ತುರ್ತು ಬಟನ್ ಇರಬೇಕು ಎಂಬುದು ಕೇಂದ್ರದ ನಿಯಮ. ನಿಮ್ಮ ಬಸ್ಸಿನಲ್ಲಿ ಇದ್ದರೆ ಡಿಪೊದಲ್ಲಿ ಕೇಳಿ: ಒತ್ತಿದರೆ ಯಾರಿಗೆ ಹೋಗುತ್ತದೆ, ಯಾರು ವಾಪಸ್ ಫೋನ್ ಮಾಡುತ್ತಾರೆ? ಉತ್ತರ ಬರದಿದ್ದರೆ ಅದು ಬರೀ ಕೆಂಪು ಗುಂಡಿ.

ಮೆಟ್ರೊದಲ್ಲಿ ಎದುರು ಕೂತವನು ಮೊಬೈಲ್ ನನ್ನ ಕಡೆ ಹಿಡಿದು ವಿಡಿಯೊ ಮಾಡುತ್ತಿದ್ದ ಅಂತ ಅನುಮಾನ. ಕೇಳಿದರೆ ‘ರೀಲ್ಸ್ ನೋಡ್ತಿದ್ದೆ’ ಅಂದ.
— ಒಬ್ಬ ವಿದ್ಯಾರ್ಥಿನಿ, ಬೆಂಗಳೂರು

ನೀವೇ ಮೊಬೈಲ್ ಕಿತ್ತುಕೊಳ್ಳಬೇಡಿ. ಕೋಚ್‌ನಲ್ಲಿರುವ ತುರ್ತು ಬಟನ್ ಒತ್ತಿ ಚಾಲಕರಿಗೆ ತಿಳಿಸಿ, ಇಲ್ಲವೇ ಮುಂದಿನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿಗೆ ಅವನನ್ನು ತೋರಿಸಿ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಹೆಣ್ಣುಮಕ್ಕಳ ವಿಡಿಯೊ ಕದ್ದು ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯೊಂದು ಬಯಲಾಗಿ, ಬನಶಂಕರಿ ಪೊಲೀಸರು ಕೇಸ್ ಹಾಕಿದರು. ಕಾನೂನಿನಲ್ಲಿ ಇಲ್ಲೊಂದು ತೂತಿದೆ. ಕದ್ದು ನೋಡುವುದರ ವಿರುದ್ಧ ನ್ಯಾಯ ಸಂಹಿತೆಯಲ್ಲಿರುವ 77ನೇ ಸೆಕ್ಷನ್ ಖಾಸಗಿ ಕ್ಷಣಗಳಿಗೆ ಮಾತ್ರ, ಕೋಚ್‌ನಲ್ಲಿ ಸುಮ್ನೆ ಕೂತವರ ವಿಡಿಯೊಗೆ ಅದು ಸಲೀಸಾಗಿ ಹೊಂದುವುದಿಲ್ಲ. ಖಾಸಗಿ ಅಂಗ ಕಾಣುವಂತೆ ತೆಗೆದರೆ ಮಾತ್ರ ಐಟಿ ಕಾಯ್ದೆಯ 66ಇ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ವಿಡಿಯೊ ಎಲ್ಲಾದರೂ ಕಂಡರೆ ಮೊದಲು ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತೆಗೆಸುವುದು ಆಮೇಲೆ. ಮೊದಲೇ ತೆಗೆಸಿದರೆ ಸಾಕ್ಷಿಯೂ ಹೋಗುತ್ತದೆ.

ಬಸ್ಸಿನಲ್ಲಿ ಇಂಥದ್ದು ಕಂಡರೆ ನಾವು ಗಂಡಸರು ಮಧ್ಯೆ ಬಾಯಿ ಹಾಕಬಹುದಾ? ನಮಗೇ ತಿರುಗಿಬಿದ್ದರೆ?
— ಒಬ್ಬ ಓದುಗ, ದಾವಣಗೆರೆ

ಹಾಕಿ. ಆದರೆ ಮೊದಲು ಮಾತಾಡಿಸಬೇಕಾದ್ದು ಆಕೆಯನ್ನು, ಅವನನ್ನಲ್ಲ. ‘ಮೇಡಂ, ಏನಾದ್ರೂ ತೊಂದರೆನಾ? ನನ್ನ ಸೀಟಿಗೆ ಬನ್ನಿ’ ಅಂದರೆ ಸಾಕು, ಬಹಳ ಸಲ ಅವನೇ ಜಾರಿಕೊಳ್ಳುತ್ತಾನೆ. ಕೈ ಮಾಡಬೇಡಿ. ಹತ್ತು ಜನ ಸೇರಿ ನಾಲ್ಕು ಬಿಟ್ಟರೆ ಆಮೇಲೆ ಠಾಣೆಯಲ್ಲಿ ಎರಡು ಕೇಸು, ಒಂದು ನಿಮ್ಮ ಮೇಲೆ. ಆಕೆ ದೂರು ಕೊಡುವುದಾದರೆ ನಿಮ್ಮ ಹೆಸರು, ಫೋನ್ ನಂಬರ್ ಬರೆದು ಕೊಡಿ. ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಿಕ್ಕರೆ ನಮ್ಮಂಥ ವಕೀಲರ ಅರ್ಧ ಕೆಲಸ ಮುಗಿದ ಹಾಗೆ.