1930ರ ದಶಕದ ಬೆಂಗಳೂರು, ಮಕ್ಕಳು, ಸಿನಿಮಾ: ದಾಖಲೆ ಎಲ್ಲಿ ಹುಡುಕಬೇಕು?

1930ರ ದಶಕದ ಬೆಂಗಳೂರಿನಲ್ಲಿ ಮಕ್ಕಳು ಸಿನಿಮಾ ನೋಡುವುದನ್ನು ಹಿರಿಯರು ಹೇಗೆ ಕಾಣುತ್ತಿದ್ದರೆಂದು ತಿಳಿಯಲು ‘ಮಕ್ಕಳ ಚಿತ್ರ’ ಎಂದು ಹುಡುಕಿದರೂ ನಿಮಗೆ ಏನೂ ಸಿಗದಿರುವುದಕ್ಕೆ ಬಹುಶಃ ಆ ಪದವೇ ಕಾರಣ. ಕೇಂದ್ರ ಸರ್ಕಾರ ಮಕ್ಕಳ ಚಲನಚಿತ್ರ ಸಂಸ್ಥೆಯನ್ನು ಆರಂಭಿಸಿದ್ದೇ 1955ರಲ್ಲಿ. ಅದಕ್ಕೂ ಹಿಂದಿನ ಬರಹಗಳಲ್ಲಿ ಮಕ್ಕಳ ಮಾತು ಹೆಚ್ಚಾಗಿ ನೀತಿ, ಶಿಕ್ಷಣ, ಸೆನ್ಸಾರ್ ಚರ್ಚೆಗಳೊಳಗೆ ಹುದುಗಿರುತ್ತದೆ.

ಮೊದಲು, ಸಿನಿಮಾ ಮತ್ತು ಸೆನ್ಸಾರ್ ವ್ಯವಸ್ಥೆಯ ವಿಚಾರಣೆಗೆ ಬ್ರಿಟಿಷ್ ಭಾರತ ಸರ್ಕಾರ ನೇಮಿಸಿದ್ದ, ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿಯ 1928ರ ವರದಿಯನ್ನು ಓದಿ. ವರದಿಗಿಂತ ಅದರ ಸಾಕ್ಷ್ಯ ಸಂಪುಟಗಳೇ ನಿಮಗೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ, ಏಕೆಂದರೆ ಶಿಕ್ಷಕರು, ಅಧಿಕಾರಿಗಳು, ಚಿತ್ರಮಂದಿರದವರು ಕೊಟ್ಟ ಉತ್ತರಗಳು ಅಲ್ಲಿ ಪ್ರಶ್ನೋತ್ತರ ರೂಪದಲ್ಲಿಯೇ ಅಚ್ಚಾಗಿದ್ದು, ಒಬ್ಬರ ಆತಂಕವನ್ನು ಇನ್ನೊಬ್ಬರು ಒಪ್ಪದಿರುವುದು ಎದ್ದು ಕಾಣುತ್ತದೆ.

ಆಮೇಲೆ ಊರನ್ನು ಎರಡಾಗಿ ವಿಂಗಡಿಸಿಕೊಳ್ಳಿ. ಪೇಟೆ ಮೈಸೂರು ಸಂಸ್ಥಾನದ್ದು, ದಂಡು (ಕಂಟೋನ್ಮೆಂಟ್) ಪ್ರದೇಶ 1947ರವರೆಗೂ ಬ್ರಿಟಿಷ್ ಆಡಳಿತದ್ದು. ಹೀಗಾಗಿ ಒಂದೇ ಊರಿನ ಚಿತ್ರಮಂದಿರಗಳ ಕಡತಗಳು ಎರಡು ಕಡೆ ಹಂಚಿಹೋಗಿವೆ. ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ, ಶಿಕ್ಷಣ ಮತ್ತು ಪೊಲೀಸ್ ಇಲಾಖೆಗಳ ಸೂಚಿಗಳನ್ನು ಕೇಳಿ. ದಂಡಿನ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮೈಸೂರು ರೆಸಿಡೆನ್ಸಿ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಎಂಬ ಹೆಸರಿನೊಂದಿಗೆ ಸಿನಿಮಾಟೋಗ್ರಾಫ್, ಬಯಾಸ್ಕೋಪ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹುಡುಕಿ.

‘ಎ’ ಮತ್ತು ‘ಯು’ ಪ್ರಮಾಣಪತ್ರಗಳು ನಮ್ಮ ಕಾನೂನಿಗೆ ಬಂದದ್ದು 1949ರ ತಿದ್ದುಪಡಿಯಿಂದ. ಆದ್ದರಿಂದ ನಿಮ್ಮ ಕಾಲಾವಧಿಯ ಕಡತಗಳಲ್ಲಿ ಆ ಅಕ್ಷರಗಳನ್ನು ಹುಡುಕುತ್ತಾ ಸಮಯ ಕಳೆಯಬೇಡಿ.